ಇಟ್ ಅಂದ್ರೆ ಯಾವುದು?

ಯಂತ್ರಗಳ ಬಳಕೆ ಕೈಪಿಡಿಗಳನ್ನು ತಿದ್ದುವುದು ನನ್ನ ಕೆಲಸ. ಎಂಜಿನಿಯರ್‌ಗಳು ಇಂಗ್ಲಿಷ್‌ನಲ್ಲಿ ಬರೆದು ಕೊಡುತ್ತಾರೆ, ನಾನು ಓದಿ ಸರಿ ಮಾಡುತ್ತೇನೆ, ಆಮೇಲೆ ಅದು ಬೇರೆ ಭಾಷೆಗಳಿಗೆ ಅನುವಾದಕ್ಕೆ ಹೋಗುತ್ತದೆ. ಇದರಲ್ಲಿ ನನ್ನ ಸಮಯ ಜಾಸ್ತಿ ತಿನ್ನುವುದು ಕಷ್ಟದ ತಾಂತ್ರಿಕ ಪದಗಳಲ್ಲ. ಇಟ್, ದಿಸ್, ದೇ ಎನ್ನುವ ಪುಟ್ಟ ಸರ್ವನಾಮಗಳು.

ಈ ಸಾಲು ನೋಡಿ: ‘ರಿಮೂವ್ ದ ಫಿಲ್ಟರ್ ಫ್ರಮ್ ದ ಪಂಪ್ ಅಂಡ್ ಕ್ಲೀನ್ ಇಟ್.’ ಬರೆದವರಿಗೆ ಗೊಂದಲವೇ ಇಲ್ಲ, ಯಂತ್ರ ಅವರ ತಲೆಯಲ್ಲೇ ಇದೆ. ಓದುವವರಿಗೆ ಮಾತ್ರ ತೊಳೆಯಬೇಕಾದ್ದು ಫಿಲ್ಟರೋ ಪಂಪೋ ಅಂತ ಅನುಮಾನ. ಫಿಲ್ಟರೇ ಇರಬೇಕು ಅಂತ ಊಹಿಸಬಹುದು. ಆದರೆ ಊಹೆ ಮಾಡಬಾರದು ಅಂತಲೇ ತಾನೇ ಕೈಪಿಡಿ ಕೊಡುವುದು?

ಇಂಥ ಸಾಲುಗಳನ್ನು ಹಿಡಿದುಕೊಡುವವರು ಹೆಚ್ಚಾಗಿ ಅನುವಾದಕರು. ಇಂಗ್ಲಿಷ್‌ನಲ್ಲಿ ವಸ್ತು ಯಾವುದಾದರೂ ಇಟ್ ಸಾಕು. ಜರ್ಮನ್‌ನಲ್ಲಿ ಹಾಗಲ್ಲ. ಅಲ್ಲಿ ಫಿಲ್ಟರ್ ಪುಲ್ಲಿಂಗ, ಪಂಪ್ ಸ್ತ್ರೀಲಿಂಗ. ಫಿಲ್ಟರ್ ತೊಳೆಯಬೇಕಾದರೆ ಒಂದು ಸರ್ವನಾಮ, ಪಂಪ್ ತೊಳೆಯಬೇಕಾದರೆ ಇನ್ನೊಂದು. ಹಾಗಾಗಿ ಜರ್ಮನ್‌ಗೆ ಅನುವಾದ ಮಾಡುವವರು ಇದನ್ನು ನಿರ್ಧರಿಸದೆ ಮುಂದೆ ಹೋಗುವಂತೆಯೇ ಇಲ್ಲ. ಅವರಿಂದ ಬರುವ ಪ್ರಶ್ನೆಗಳ ಪಟ್ಟಿಯಲ್ಲಿ ‘ಇಲ್ಲಿ ಇಟ್ ಅಂದರೆ ಯಾವುದು?’ ಎನ್ನುವುದು ಮತ್ತೆ ಮತ್ತೆ ಬರುತ್ತದೆ. ಪಟ್ಟಿ ನೋಡಿ ಬೇಜಾರು ಮಾಡಿಕೊಳ್ಳುವ ಎಂಜಿನಿಯರ್‌ಗಳಿದ್ದಾರೆ. ನನಗಂತೂ ಅದಕ್ಕಿಂತ ಒಳ್ಳೆಯ ಪರೀಕ್ಷೆ ಗೊತ್ತಿಲ್ಲ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರಿಗೆ ಈ ತೊಡಕು ಕಾಣುವುದು ಇನ್ನೂ ಕಷ್ಟ. ‘ಪಂಪಿನಿಂದ ಫಿಲ್ಟರ್ ತೆಗೆದು ತೊಳೆಯಿರಿ’ ಅಂದರೆ ಮುಗಿಯಿತು. ತೆಗೆದದ್ದನ್ನೇ ತೊಳೆಯುವುದು, ಸರ್ವನಾಮವೇ ಬೇಡ. ಇಂಗ್ಲಿಷ್ ಮಾತ್ರ ಕ್ಲೀನ್ ಆದಮೇಲೆ ಏನನ್ನಾದರೂ ಹಾಕಲೇಬೇಕು ಅನ್ನುತ್ತದೆ. ಜನರ ವಿಷಯದಲ್ಲೂ ಹಾಗೇ. ‘ದ ಮ್ಯಾನೇಜರ್ ಟೋಲ್ಡ್ ದ ಎಂಜಿನಿಯರ್ ದಟ್ ಹೀ ಶುಡ್ ಕಾಲ್ ದ ಕಸ್ಟಮರ್.’ ಕರೆ ಮಾಡಬೇಕಾದವರು ಯಾರು? ಕನ್ನಡದಲ್ಲಿ ‘ತಾನು ಕರೆ ಮಾಡಬೇಕು ಅಂತ ಹೇಳಿದ’ ಅಂದರೆ ಮ್ಯಾನೇಜರ್, ‘ಅವನು ಕರೆ ಮಾಡಬೇಕು ಅಂತ ಹೇಳಿದ’ ಅಂದರೆ ಎಂಜಿನಿಯರ್. ನಮ್ಮ ‘ತಾನು’ ಮಾಡುವ ಈ ಕೆಲಸಕ್ಕೆ ಇಂಗ್ಲಿಷ್‌ನಲ್ಲಿ ಬೇರೆ ಪದವೇ ಇಲ್ಲ. ಅಲ್ಲಿ ಎರಡಕ್ಕೂ ಹೀ.

ನಾಮಪದದ ಬದಲಿಗೆ ಬರುವುದೇ ಸರ್ವನಾಮ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಸರಿ. ‘ದ ಓಲ್ಡ್ ಪಂಪ್ ನಿಯರ್ ದ ವಿಂಡೋ’ ಇದ್ದರೆ ಇಟ್ ಬರುವುದು ಆ ಇಡೀ ಗುಂಪಿನ ಬದಲಿಗೆ. ಪಂಪ್ ಎಂಬ ಒಂದೇ ಪದ ತೆಗೆದು ‘ದ ಓಲ್ಡ್ ಇಟ್’ ಅನ್ನಲಾಗದು. ಆ ಜಾಗಕ್ಕೆ ಬೇಕಾದ್ದು ಒನ್: ‘ದ ಓಲ್ಡ್ ಒನ್.’ ಕೆಲಸದಲ್ಲಿ ಇದು ತಲೆ ತಿನ್ನುವುದು ಹೀಗೆ. ‘ಚೆಕ್ ದ ಕವರ್ ಆಫ್ ದ ಫಿಲ್ಟರ್. ಇಫ್ ಇಟ್ ಇಸ್ ಡ್ಯಾಮೇಜ್ಡ್, ರಿಪ್ಲೇಸ್ ಇಟ್.’ ಆ ಗುಂಪಿನಲ್ಲಿ ಮುಖ್ಯ ಪದ ಕವರ್, ಆದ್ದರಿಂದ ಬದಲಿಸಬೇಕಾದ್ದು ಮುಚ್ಚಳ. ಆದರೆ ಇಟ್‌ಗೆ ಹತ್ತಿರ ಇರುವುದು ಫಿಲ್ಟರ್. ಅವಸರದಲ್ಲಿ ಓದುವ ಕಣ್ಣು ಅದನ್ನೇ ಹಿಡಿಯುತ್ತದೆ.

ನಾನು ಮಾಡುವುದು ಇಷ್ಟೇ. ಕರಡಿನಲ್ಲಿ ಪ್ರತಿ ಸರ್ವನಾಮಕ್ಕೂ ಗುರುತು ಹಾಕಿ, ಅದರಿಂದ ಹಿಂದಕ್ಕೆ ಗೆರೆ ಎಳೆಯುತ್ತೇನೆ. ಗೆರೆ ಒಂದೇ ಕಡೆ ಹೋದರೆ ಸರಿ. ಎರಡು ಕಡೆ ಹೋಗುವ ಹಾಗಿದ್ದರೆ ನಾಮಪದವನ್ನೇ ಮತ್ತೆ ಬರೆಯುತ್ತೇನೆ. ‘ಇಟ್ ಇಸ್ ನೆಸೆಸರಿ’ ಥರದ ಸಾಲುಗಳಲ್ಲಿ ಇಟ್‌ನಿಂದ ಹಿಂದಕ್ಕೆ ಗೆರೆ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿ ಅದು ಸುಮ್ನೆ ಜಾಗ ತುಂಬಲು ಕೂತಿರುತ್ತದೆ, ತಿದ್ದದೆ ಹಾಗೇ ಇರಗೊಡಬಹುದು.

ಹೆಚ್ಚು ಕಾಟ ಕೊಡುವುದು ವಾಕ್ಯದ ಮೊದಲಲ್ಲಿ ಒಂಟಿಯಾಗಿ ಬರುವ ದಿಸ್. ಒತ್ತಡ ಇಳಿದರೆ ಪಂಪ್ ನಿಲ್ಲುತ್ತದೆ, ಅಲಾರಂ ಹೊಡೆಯುತ್ತದೆ. ಆಮೇಲೆ ‘ದಿಸ್ ಇಸ್ ನಾರ್ಮಲ್.’ ಯಾವುದು ನಾರ್ಮಲ್? ಒತ್ತಡ ಇಳಿದದ್ದೋ, ಪಂಪ್ ನಿಂತದ್ದೋ, ಅಲಾರಮ್ಮೋ? ಇಲ್ಲಿ ಗೆರೆ ಒಂದು ಪದಕ್ಕಲ್ಲ, ಇಡೀ ಘಟನೆಗೆ ಹೋಗುತ್ತದೆ. ದಿಸ್ ಪಕ್ಕ ಒಂದು ನಾಮಪದ ಸೇರಿಸಿ ‘ದಿಸ್ ಅಲಾರಂ’ ಅಂದರೆ ಸಾಕು.

ಒಂದೇ ಪದ ಮತ್ತೆ ಮತ್ತೆ ಬಂದರೆ ಚೆನ್ನಾಗಿರಲ್ಲ ಅನ್ನುವ ಮಾತು ಕೇಳುತ್ತಲೇ ಇರುತ್ತೇನೆ. ಪ್ರಬಂಧಕ್ಕೆ ಅದು ನಿಜ. ಆದರೆ ಪುನರಾವರ್ತನೆಗೆ ಹೆದರಿ ಒಂದು ಸಾಲಿನಲ್ಲಿ ಫಿಲ್ಟರ್, ಮುಂದಿನದರಲ್ಲಿ ಸ್ಟ್ರೈನರ್, ಆಮೇಲೆ ಯೂನಿಟ್ ಅಂತ ಬರೆದರೆ ಓದುವವರು ಮೂರು ಭಾಗ ಹುಡುಕುತ್ತಾರೆ. ಇದಕ್ಕಿಂತ ಇಟ್ ವಾಸಿ. ಹಾಗಂತ ಎಲ್ಲ ಸರ್ವನಾಮ ಕಿತ್ತೆಸೆಯಲೂ ಆಗದು. ‘ದ ಆಪರೇಟರ್ ಓಪನ್ಸ್ ದ ವಾಲ್ವ್ ಅಂಡ್ ದ ಆಪರೇಟರ್ ವೇಟ್ಸ್’ ಅಂತ ಬರೆದು ನೋಡಿ. ಇನ್ನೊಬ್ಬ ಆಪರೇಟರ್ ಬಂದನೇನೋ ಅನ್ನಿಸುತ್ತದೆ.

ಆಪರೇಟರ್ ಅಂದಾಗ ಹೀ ಹಾಕಬೇಕೋ ಷೀ ಹಾಕಬೇಕೋ ಎನ್ನುವ ಜಗಳ ನಮ್ಮಲ್ಲಿ ಈಗಿಲ್ಲ, ಒಬ್ಬರಿದ್ದರೂ ದೇ. ಇದನ್ನು ಹೊಸ ಫ್ಯಾಷನ್ ಅನ್ನುವವರಿದ್ದಾರೆ. ಈ ಬಳಕೆ ಇಂಗ್ಲಿಷ್‌ನಲ್ಲಿ 14ನೇ ಶತಮಾನದಿಂದಲೇ ಇದೆ. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ದೇ ಅನ್ನು ವರ್ಷದ ಪದ ಅಂತ ಆರಿಸಿತು. ಹತ್ತಿರದಲ್ಲಿ ಬಹುವಚನದ ನಾಮಪದ ಇದ್ದರೆ ಮಾತ್ರ ಗೆರೆ ಅತ್ತ ಓಡುತ್ತದೆ, ಆಗ ವಾಕ್ಯ ಬದಲಿಸುತ್ತೇನೆ.

ಗ್ರಾಹಕರಿಗೆ ಹೋಗುವ ಮೇಲ್‌ಗಳನ್ನೂ ಕೆಲವೊಮ್ಮೆ ನೋಡುತ್ತೇನೆ. ಅಲ್ಲಿ ತೊಂದರೆ ವೀ. ‘ವೀ ನೀಡ್ ಟು ಚೆಕ್ ದ ವಾಲ್ವ್’ ಅಂದರೆ ಕಂಪನಿಯವರೋ, ಗ್ರಾಹಕರೂ ಸೇರಿಯೋ? ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿದರೆ ಮನಮು, ಬಿಟ್ಟರೆ ಮೇಮು. ಇಂಗ್ಲಿಷ್‌ಗೂ ನಮ್ಮ ‘ನಾವು’ಗೂ ಆ ಸೌಲಭ್ಯ ಇಲ್ಲ. ಅಂಥ ಕಡೆ ವೀ ತೆಗೆದು, ಬರುವುದು ಸರ್ವಿಸ್ ಟೀಮ್ ಆದರೆ ಸರ್ವಿಸ್ ಟೀಮ್ ಅಂತಲೇ ಹಾಕುತ್ತೇನೆ. ಗ್ರಾಹಕರೇ ನೋಡಿಕೊಳ್ಳಬೇಕಾದ್ದಾದರೆ ಪ್ಲೀಸ್ ಸೇರಿಸಿ ನೇರವಾಗಿ ಯೂ.