ಗುಂಡಿ ತೆಗೆದಾಗಿದೆ, ಸಸಿ ನೆಡುವುದೋ ಬೇಡವೋ

ಜೂನ್ 14, 2025, ಶನಿವಾರ
ಹಾಸನ

“ಗೋಮಾಳದ ಪಕ್ಕದ ಎರಡು ಎಕರೆಗೆ ತೆಂಗು ಹಾಕಲೋ ಬೇಡವೋ, ನೀನೇ ಹೇಳಮ್ಮ. ಕಲ್ಲಿನ ಪಾಠ ಮಾಡೋಳು ನೀನು” ಎಂದು ಭಾವ ಕೇಳಿದರು. ಗುಂಡಿಗಳನ್ನು ಬೇಸಿಗೆಯಲ್ಲೇ ತೆಗೆಸಿ, ಬಿಸಿಲು ಕಾಯಿಸಿ, ಮೇಲ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಎಲ್ಲವನ್ನೂ ಒಟ್ಟಿದ್ದಾರೆ. ಸಸಿಗಳು ಮನೆಯ ಹಿಂದೆ ಹುಣಸೆಮರದ ನೆರಳಿನಲ್ಲಿ ಸಾಲಾಗಿ ನಿಂತಿವೆ. ಮಳೆ ಹದವಾಗಿ ಬಿದ್ದಿದೆ. ನೆಡುವುದಕ್ಕೆ ಇನ್ನೇನು ಬೇಕು ಎನ್ನುವಷ್ಟರಲ್ಲಿ ಗೋಮಾಳಕ್ಕೆ ಅದಿರು ಹುಡುಕಲು ಕೊರೆಯುವ ರಿಗ್ ಬಂದು ನಿಂತಿದೆ, ಭಾವನ ಕೈ ಅಲ್ಲಿಗೇ ನಿಂತಿದೆ.

ನುಗ್ಗೇಹಳ್ಳಿ ಕಡೆಯವರಿಗೆ ನೆಲದಡಿಯಲ್ಲಿ ಅದಿರು ಇದೆ ಎಂಬುದು ಹೊಸ ಸುದ್ದಿಯೇನಲ್ಲ. ಬೈರಾಪುರದಲ್ಲಿ ಮೈಸೂರು ಮಿನರಲ್ಸ್ ಸಂಸ್ಥೆಯು ನೆಲದಡಿಗೆ ಇಳಿದು ಕ್ರೋಮಿಯಮ್ಮಿನ ಅದಿರಾದ ಕ್ರೋಮೈಟ್ ತೆಗೆದದ್ದನ್ನು ಕಂಡವರು, ಅಲ್ಲಿ ಕೂಲಿಗೆ ಹೋದವರು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಜಂಬೂರು, ತಗಡೂರು, ಭಕ್ತರಹಳ್ಳಿಗಳ ಹೆಸರು ಹಳೆಯ ಭೂವಿಜ್ಞಾನ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಂಪಿನಕೋಟೆಯಲ್ಲಿ ಚಿನ್ನಕ್ಕಾಗಿ ಹಿಂದಿನವರು ತೋಡಿದ ಹಳೆಯ ಗುಂಡಿಗಳಿವೆ, ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿ ತಾಮ್ರವಿದೆ. ಇವೆಲ್ಲವೂ ನಮ್ಮ ಜಿಲ್ಲೆಯದೇ ಸಂಗತಿಗಳಾದರೂ ಹಾಸನದ ಹೆಸರು ಹೇಳಿದರೆ ಜನರಿಗೆ ಹೊಯ್ಸಳರೂ ಆಲೂಗಡ್ಡೆಯೂ ಮಾತ್ರ ನೆನಪಾಗುವುದು ನನಗೆ ಸದಾ ಸಣ್ಣ ಬೇಸರದ ವಿಷಯ. 300 ಕೋಟಿ ವರ್ಷಕ್ಕೂ ಹಳೆಯದಾದ ನುಗ್ಗೇಹಳ್ಳಿಯ ಈ ಕಲ್ಲಿನ ಪಟ್ಟಿ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಅಗಲ ಮಾತ್ರ ಅತಿ ಕಿರಿದು. ಭಾವನ ಎರಡು ಎಕರೆ ಆ ಕಿರಿದಾದ ಪಟ್ಟಿಯ ಅಂಚಿನಲ್ಲಿಯೇ ಬಿದ್ದಿದೆ.

ಮಧ್ಯಾಹ್ನ ಊಟವಾದ ಮೇಲೆ ಅವರೊಂದಿಗೆ ರಿಗ್ ಇರುವಲ್ಲಿಗೆ ಹೋದೆ. ಬೋರ್‌ವೆಲ್ ಲಾರಿಯ ಅಬ್ಬರಕ್ಕೆ ಒಗ್ಗಿರುವ ನಮ್ಮ ಕಿವಿಗೆ ಈ ಯಂತ್ರದ ಸದ್ದು ಒಂದೇ ಸಮನಾದ ಗೊಣಗಾಟದಂತೆ ಕೇಳುತ್ತದೆ. ಬೋರ್‌ವೆಲ್ಲಿನವರು ಕಲ್ಲನ್ನು ಪುಡಿ ಮಾಡಿ ಒಂದೆರಡು ದಿನದಲ್ಲಿ ನೂರಾರು ಅಡಿ ಇಳಿದುಬಿಡುತ್ತಾರೆ. ಇವರಿಗೆ ಪುಡಿ ಬೇಡ, ಕಲ್ಲೇ ಇಡಿಯಾಗಿ ಬೇಕು. ವಜ್ರದ ಕಣಗಳನ್ನು ಕೂಡಿಸಿದ ಟೊಳ್ಳು ಕೊರೆಮೊನೆ ಸುತ್ತುತ್ತಾ ಇಳಿದಂತೆಲ್ಲ ನಡುವಿನ ಕಲ್ಲು ಕೊಳವೆಯೊಳಗೆ ಸೇರಿಕೊಳ್ಳುತ್ತದೆ, ಅದನ್ನು ಮೇಲೆತ್ತಿ ಅಡಿಯ ಲೆಕ್ಕ ತಪ್ಪದಂತೆ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಕೊರೆಮೊನೆ ಬಿಸಿಯಾಗದಿರಲು ಬಿಟ್ಟ ನೀರು ಬೂದು ಹಸಿರು ರಾಡಿಯಾಗಿ ಹೊರಬಂದು ಪಕ್ಕದ ಗುಂಡಿಯಲ್ಲಿ ನಿಂತಿತ್ತು.

ಅಲ್ಲಿದ್ದ ಹುಡುಗ, ನಾನು ಭೂವಿಜ್ಞಾನ ಕಲಿಸುವವಳೆಂದು ಭಾವ ಹೇಳಿದ ಮೇಲೆ, ಮುಟ್ಟಬಾರದು ಮೇಡಂ ಎಂದು ವಿನಯದಿಂದಲೇ ಎಚ್ಚರಿಸಿ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ. ಕಬ್ಬಿನ ಜಲ್ಲೆಗಿಂತ ತುಸು ದಪ್ಪನೆಯ ಕಲ್ಲಿನ ತುಂಡುಗಳು, ಒದ್ದೆಯಾಗಿದ್ದುದರಿಂದ ಬಣ್ಣ ಎದ್ದು ಕಾಣುತ್ತಿತ್ತು. ಮೊದಲ ಸಾಲುಗಳಲ್ಲಿ ಕಡು ಹಸಿರಿನ, ಮುಟ್ಟಿದರೆ ಸೋಪಿನಂತೆ ಜಾರುವುದೆಂದು ನನಗೆ ಗೊತ್ತಿರುವ ಸರ್ಪೆಂಟಿನೈಟ್. ನಡುವೆ ಬಿಳಿಯ ಎಳೆಗಳು. ಮೂರನೆಯ ಸಾಲಿನ ಕೊನೆಯಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಕಲ್ಲು ಕಪ್ಪಾಗಿ, ಸಣ್ಣ ಹರಳುಗಳಿಂದ ಮಿನುಗುತ್ತಾ ಇತ್ತು. ಆ ಹುಡುಗ ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದು ಹತ್ತಿರ ಹಿಡಿದ, ಅದು ಟಪ್ಪೆಂದು ಅಂಟಿಕೊಂಡಿತು. ಶುದ್ಧ ಕ್ರೋಮೈಟ್ ಆಗಿದ್ದರೆ ಅಷ್ಟು ಬಿರುಸಾಗಿ ಅಂಟುವುದಿಲ್ಲ, ಬಿಳಿ ಬಿಲ್ಲೆಯ ಮೇಲೆ ಉಜ್ಜಿದರೆ ಕಂದು ಗೀರು ಬೀಳುತ್ತದೆ. ಇದು ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಈ ಪಟ್ಟಿಯ ಮ್ಯಾಗ್ನೆಟೈಟಿನಲ್ಲಿ ಟೈಟಾನಿಯಮ್ಮೂ ವೆನೇಡಿಯಮ್ಮೂ ಸೇರಿರುವುದು ದಶಕಗಳಿಂದ ಗೊತ್ತಿರುವುದೇ. ಎಷ್ಟು ಸೇರಿದೆ ಎಂಬುದನ್ನು ಅಯಸ್ಕಾಂತ ಹೇಳಲಾರದು. ತುಂಡನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಉಳಿದ ಅರ್ಧವನ್ನು ಮುಂದೆ ಸಂಶಯ ಬಂದಾಗ ನೋಡಲೆಂದು ಪೆಟ್ಟಿಗೆಯಲ್ಲೇ ಇಟ್ಟು ಕಾಯಬೇಕು.

ಭಾವ ಮಾತ್ರ ಆ ಕಪ್ಪು ತುಂಡನ್ನೇ ನೋಡುತ್ತಿದ್ದರು. “ಸಿಕ್ಕೇಬಿಟ್ಟಂತಾಯಿತಲ್ಲ” ಎಂದರು. ಆ ದನಿಯಲ್ಲಿ ಆಸೆಯಿತ್ತೋ ಹೆದರಿಕೆಯಿತ್ತೋ ನನಗೆ ತಿಳಿಯಲಿಲ್ಲ.

ಸಿಕ್ಕುವುದಕ್ಕೂ ಗಣಿಯಾಗುವುದಕ್ಕೂ ನಡುವೆ ಇರುವ ಹಾದಿಯನ್ನು ಹಿಂದಿರುಗುವಾಗ ಬದುವಿನ ಮೇಲೆ ನಡೆಯುತ್ತಲೇ ಅವರಿಗೆ ವಿವರಿಸಲು ಪ್ರಯತ್ನಿಸಿದೆ. ಅನ್ವೇಷಣೆಗೆ ನಾಲ್ಕು ಮೆಟ್ಟಿಲುಗಳಿವೆ: ಮೇಲುನೋಟದ ಸಮೀಕ್ಷೆ ಜಿ4, ಆಮೇಲೆ ಜಿ3, ಜಿ2, ಕೊನೆಗೆ ವಿವರವಾದ ಜಿ1. ಮೇಲಿನ ಮೆಟ್ಟಿಲಿಗೆ ಹೋದಂತೆಲ್ಲ ರಂಧ್ರಗಳ ನಡುವಿನ ಅಂತರ ಕಿರಿದಾಗುತ್ತದೆ, ಖರ್ಚು ಏರುತ್ತದೆ, ಬಹುಪಾಲು ಜಾಗಗಳು ನಡುವೆಯೇ ಉದುರಿಹೋಗುತ್ತವೆ. ಖನಿಜ ಕಾಯ್ದೆಯ 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆಯನ್ನು ಹರಾಜಿನ ಮೂಲಕವೇ ಕೊಡಬೇಕು. ನೇರ ಗುತ್ತಿಗೆಯ ಹರಾಜಿಗೆ ಸಾಮಾನ್ಯವಾಗಿ ಜಿ2 ಮಟ್ಟದ ಮಾಹಿತಿ ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ ಹುಡುಕುವ ಹೊಣೆಯನ್ನೂ ಸೇರಿಸಿ ಸಂಯುಕ್ತ ಪರವಾನಗಿಯಾಗಿ ಹರಾಜು ಹಾಕುತ್ತಾರೆ. ಹರಾಜಾದ ಮೇಲೆ ಗಣಿ ಯೋಜನೆ, ಪರಿಸರ ಅನುಮತಿ, ಅರಣ್ಯವಿದ್ದರೆ ಅದರ ಅನುಮತಿ, ಭೂಮಿಯ ವ್ಯವಹಾರ. ಇಷ್ಟರ ನಡುವೆ ಲೋಹದ ಬೆಲೆ ಕುಸಿದರೆ ಎಲ್ಲವೂ ಕಪಾಟು ಸೇರುತ್ತದೆ.

“ಹಂಗಾದರೆ ಎಷ್ಟು ವರ್ಷ?” ಎಂದರು.

ಕುದುರೆಮುಖದ ಕತೆ ಹೇಳಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು ಅಲ್ಲಿನ ಕಬ್ಬಿಣದ ಅದಿರನ್ನು ಗುರುತಿಸಿದ್ದು 1913ರಲ್ಲಿ. ಕಂಪನಿ ಹುಟ್ಟಿದ್ದು 1976ರಲ್ಲಿ. ಇರಾನಿನ ಹಣವನ್ನು ನಂಬಿಕೊಂಡು ಕೆಲಸ ಆರಂಭವಾಯಿತು, ಅಲ್ಲಿ ಕ್ರಾಂತಿಯಾಗಿ ಹಣವೂ ನಿಂತು ಕೊಳ್ಳುವವರೂ ಇಲ್ಲವಾದರು. ಆದರೂ 1980ರಲ್ಲಿ ಕಾರ್ಖಾನೆ ನಡೆಯಿತು, ಪುಡಿಯಾದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ನೀರಿನೊಂದಿಗೆ ಹರಿದು ಮಂಗಳೂರಿನ ಬಂದರು ಸೇರಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಅಂದರೆ ಕಂಡ ದಿನದಿಂದ ತೆಗೆಯುವ ದಿನದವರೆಗೆ 67 ವರ್ಷ, ತೆಗೆದದ್ದು 25 ವರ್ಷ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟೊತ್ತಿಗೆ ನನ್ನ ತೋಟ ಮುದಿಯಾಗಿರುತ್ತೆ, ನಾನಂತೂ ಇರಲ್ಲ” ಎಂದು ನಕ್ಕರು.

ಈ ಸಲ ಅಷ್ಟು ನಿಧಾನವಾಗಲಿಕ್ಕಿಲ್ಲ ಎಂಬುದನ್ನೂ ಹೇಳಬೇಕಾಯಿತು. ಕೇಂದ್ರ ಸರ್ಕಾರವು 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ವೆನೇಡಿಯಂ, ಟೈಟಾನಿಯಂ, ನಿಕಲ್, ಪ್ಲಾಟಿನಂ ಗುಂಪಿನ ಲೋಹಗಳು ಇವೆ. ನಮ್ಮ ಕಲ್ಲಿನ ಪಟ್ಟಿಯ ಹಳೆಯ ಯಜಮಾನನಾದ ಕ್ರೋಮಿಯಂ ಅದರಲ್ಲಿ ಇಲ್ಲ ಎಂಬುದು ತಮಾಷೆಯೇ ಸರಿ. ಅದೇ ವರ್ಷದ ತಿದ್ದುಪಡಿಯು 24 ಖನಿಜಗಳ ಹರಾಜನ್ನು ಕೇಂದ್ರದ ಕೈಗೆ ಕೊಟ್ಟಿತು, ಆದಾಯ ಮಾತ್ರ ರಾಜ್ಯಕ್ಕೆ ಸೇರುತ್ತದೆ. ಈ ವರ್ಷದ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನದಲ್ಲಿ 2030-31ರೊಳಗೆ 1,200 ಅನ್ವೇಷಣಾ ಯೋಜನೆಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ವಹಿಸಲಾಗಿದೆ. ದೇಶದ ಲೆಕ್ಕದಲ್ಲಿ ಇದು ಸರಿಯೇ ಎಂದು ನಾನೂ ಒಪ್ಪುತ್ತೇನೆ. ಗಟ್ಟಿ ಉಕ್ಕಿಗೂ ದೊಡ್ಡ ಬ್ಯಾಟರಿಗೂ ಬೇಕಾದ ವೆನೇಡಿಯಮ್ಮನ್ನು ಎಂದೆಂದಿಗೂ ಹೊರಗಿನಿಂದಲೇ ತರಿಸಿಕೊಂಡಿರಲಾಗದು. ಆದರೆ ಟೈಟಾನಿಯಂ ಬೆರೆತ ಮ್ಯಾಗ್ನೆಟೈಟನ್ನು ಮಾಮೂಲಿ ಊದು ಕುಲುಮೆಗೆ ಹಾಕಿದರೆ ಕಿಟ್ಟ ಅಂಟಾಗಿ ಹರಿಯದೆ ನಿಲ್ಲುತ್ತದೆ, ಅದನ್ನು ಬೇರ್ಪಡಿಸುವ ವಿದ್ಯೆಯೇ ಬೇರೆ, ಖರ್ಚೇ ಬೇರೆ. ನೆಲದಲ್ಲಿ ಇದೆ ಎಂಬುದು ಇಷ್ಟು ವರ್ಷ ಗೊತ್ತಿದ್ದೂ ಯಾರೂ ಅದರ ಗೊಡವೆಗೆ ಅಷ್ಟಾಗಿ ಹೋಗದಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ಸಸಿ ನೆಡಿ ಎಂದೆ. ಆರೇಳು ವರ್ಷಕ್ಕೆ ಫಲ ಬರುತ್ತದೆ, ಅಷ್ಟರೊಳಗೆ ಇಲ್ಲಿ ಗಣಿಯಾಗುವ ಸಂಭವ ಬಹಳ ಕಡಿಮೆ. ಒಂದು ವೇಳೆ ಭೂಮಿ ಹೋಗುವುದೇ ಆದರೂ ಫಲ ಬಿಡುವ ಮರಕ್ಕೆ ಬೇರೆಯಾಗಿ ಬೆಲೆ ಕಟ್ಟುತ್ತಾರೆ, ಬರಿ ಹೊಲಕ್ಕಿಂತ ಅದು ನಿಮಗೇ ಲಾಭ ಎಂದು ಲೆಕ್ಕ ಹಾಕಿ ತೋರಿಸಿದೆ.

“ಪರಿಹಾರಕ್ಕೆ ಅಂತ ಯಾರಾದರೂ ಮರ ನೆಡ್ತಾರೇನಮ್ಮ?” ಎಂದರು ಭಾವ. ಕೋಪವಿರಲಿಲ್ಲ. ಅಕ್ಕ ಒಳಗಿನಿಂದ, “ಅವಳು ಹೇಳಿದ್ದರಲ್ಲಿ ತಪ್ಪೇನಿದೆ?” ಎಂದಳು. ಮಾತು ಕೊಬ್ಬರಿ ದರದ ಕಡೆಗೆ ತಿರುಗಿತು.

ಬಸ್ಸಿನಲ್ಲಿ ಕುಳಿತ ಮೇಲೆ ಆ ಮಾತು ಬಿಡದೆ ಕಾಡಿತು. ರಿಗ್ಗಿನವರು ಭಾವನ ಹೊಲದ ಒಂದು ಅಂಗುಲವನ್ನೂ ಮುಟ್ಟಿಲ್ಲ, ಆದರೆ ಅವರು ಬಂದು ನಿಂತ ಕ್ಷಣದಿಂದ ಆ ಹೊಲ ಭಾವನ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಪಕ್ಕದ ಹೊಲದವರು ಮಗಳ ಮದುವೆಗೆಂದು ಬ್ಯಾಂಕಿನ ಸಾಲ ಕೇಳುವುದನ್ನು ಮುಂದೂಡಿದ್ದಾರೆ. ಇನ್ನೊಬ್ಬರು ಕೊಳವೆಬಾವಿ ಕೊರೆಸುವುದನ್ನು ನಿಲ್ಲಿಸಿದ್ದಾರೆ. ಚನ್ನರಾಯಪಟ್ಟಣದಿಂದ ಬಂದ ಇಬ್ಬರು ದಲ್ಲಾಳಿಗಳು, ಗಣಿ ಬಂದರೆ ಸರ್ಕಾರ ಕೊಡುವುದು ಪುಡಿಗಾಸು, ಈಗಲೇ ನಮಗೆ ಬರೆದುಕೊಡಿ ಎಂದು ಮನೆಮನೆ ಸುತ್ತಿದ್ದಾರಂತೆ. ಅನ್ವೇಷಣೆಯಿಂದ ಬೆಳೆಗೆ ಹಾನಿಯಾದರೆ ಪರಿಹಾರ ಕೊಡಬೇಕೆಂದು ಖನಿಜ ಕಾಯ್ದೆಯಲ್ಲಿ ಇದೆ. ನೆಡದೆ ಬಿಟ್ಟ ಸಸಿಗೆ, ತೆಗೆಯದ ಸಾಲಕ್ಕೆ, ಅಗ್ಗಕ್ಕೆ ಮಾರಿದ ಎಕರೆಗೆ ಯಾವ ಕಲಮಿನಲ್ಲೂ ಪರಿಹಾರವಿಲ್ಲ. ಗಣಿಯಿಂದ ತೊಂದರೆಗೊಳಗಾದವರಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬರುವುದು ಗಣಿ ನಡೆದು ರಾಜಧನ ಕಟ್ಟತೊಡಗಿದ ಮೇಲೆ. ಜನರನ್ನು ಕೂರಿಸಿ ಅಹವಾಲು ಕೇಳುವುದೇನಿದ್ದರೂ ಪರಿಸರ ಅನುಮತಿಯ ಹಂತದಲ್ಲಿ, ಅಂದರೆ ಎಲ್ಲವೂ ಬಹುಮಟ್ಟಿಗೆ ನಿಶ್ಚಯವಾದ ಮೇಲೆ. ರಿಗ್ ಇಳಿಸುವ ಮೊದಲು ಗ್ರಾಮ ಪಂಚಾಯಿತಿಯ ಮುಂದೆ ನಿಂತು, ಇದು ಯಾವ ಮೆಟ್ಟಿಲು, ಎಷ್ಟು ರಂಧ್ರ, ಫಲಿತಾಂಶ ಯಾವಾಗ, ಏನೂ ಸಿಗದಿದ್ದರೆ ಅದನ್ನು ಯಾರು ಬಂದು ಹೇಳುತ್ತಾರೆ ಎಂದು ಅರ್ಧ ಗಂಟೆ ಮಾತನಾಡಿದ್ದರೆ ದಲ್ಲಾಳಿಗಳಿಗೆ ಇಷ್ಟು ಕೆಲಸ ಇರುತ್ತಿರಲಿಲ್ಲ. ಏನೂ ಸಿಗಲಿಲ್ಲ ಎಂಬ ಸುದ್ದಿಯನ್ನು ಹಳ್ಳಿಗೆ ತಲುಪಿಸುವ ಪದ್ಧತಿಯೇ ನಮ್ಮಲ್ಲಿ ಇಲ್ಲ. ರಿಗ್ ಒಂದು ಬೆಳಗ್ಗೆ ಹೊರಟುಹೋಗುತ್ತದೆ, ವರದಿ ಎಲ್ಲೋ ಸೇರುತ್ತದೆ, ಊರು ಮಾತ್ರ ವರ್ಷಗಟ್ಟಲೆ ಕಾಯುತ್ತಿರುತ್ತದೆ.

ಇಲ್ಲಿ ಕರೆಂಟು ಹೋಗಿ ಬಂತು. ಮೌಲ್ಯಮಾಪನದ ಕಟ್ಟು ಹಾಗೆಯೇ ಮೇಜಿನ ಮೇಲಿದೆ, ಇವತ್ತು ಅದು ನನ್ನಿಂದಾಗದು.

ಹೊರಡುವಾಗ ಅಕ್ಕ ಕೇಳಿದ್ದು ಬೇರೆ. ಆ ತೂತುಗಳಿಂದ ನಮ್ಮ ಬಾವಿಯ ನೀರು ಕೆಡುತ್ತದೆಯೇ ಎಂದು. ಒಡಿಶಾದ ಸುಕಿಂದದಲ್ಲಿ ಕ್ರೋಮೈಟ್ ಗಣಿಗಳ ನೀರಿನಲ್ಲಿ ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಸೇರಿ ಆದ ತೊಂದರೆಯನ್ನು ತರಗತಿಯಲ್ಲಿ ಪ್ರತಿ ವರ್ಷ ಪಾಠ ಮಾಡುವವಳು ನಾನೇ. ಅದು ದೊಡ್ಡ ತೆರೆದ ಗಣಿಗಳ, ಗಾಳಿ ಮಳೆಗೆ ಒಡ್ಡಿಕೊಂಡ ತ್ಯಾಜ್ಯದ ರಾಶಿಗಳ ವಿಷಯ, ಇಲ್ಲಿರುವುದು ಕೆಲವು ಸಣ್ಣ ರಂಧ್ರಗಳು, ಎರಡನ್ನೂ ಒಂದೇ ಎಂದು ಹೆದರಿಸಬಾರದು ಎಂದುಕೊಂಡು, ಏನೂ ಆಗುವುದಿಲ್ಲ ಬಿಡು ಎಂದೆ. ಆದರೂ ಕೆಲಸ ಮುಗಿದ ಮೇಲೆ ರಂಧ್ರಕ್ಕೆ ಕೆಳಗಿನಿಂದ ಸಿಮೆಂಟ್ ತುಂಬಿ ಮುಚ್ಚುತ್ತಾರೋ, ಇಲ್ಲವೇ ಬಾಯಿಗೆ ಒಂದು ಮುಚ್ಚಳ ಬಿಗಿದು ಹೋಗುತ್ತಾರೋ ಎಂಬುದನ್ನು ಆ ಹುಡುಗನನ್ನೇ ಕೇಳಬಹುದಿತ್ತು. ಭಾವನ ಬಾವಿಗೂ ಹತ್ತಿರದ ರಂಧ್ರಕ್ಕೂ ನಡುವೆ ಇರುವ ಹಸಿರು ಕಲ್ಲಿನ ಬಿರುಕುಗಳು ಎಷ್ಟು ಓರೆಯಾಗಿವೆ ಎಂದು ಪೆಟ್ಟಿಗೆಯ ತುಂಡುಗಳಲ್ಲೇ ಕಾಣುತ್ತಿತ್ತು, ಬಿಳಿಯ ಎಳೆಗಳು ಓರೆಯಾಗಿ ಇದ್ದದ್ದು ನೆನಪಿದೆ, ಇಳಿಜಾರು ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಹೇಳಲು ರಂಧ್ರ ಕೊರೆದ ದಿಕ್ಕೂ ಕೋನವೂ ಗೊತ್ತಿರಬೇಕು, ಸೋಮವಾರ ಭಾವನಿಗೆ ಫೋನ್ ಮಾಡಿ ರಿಗ್ಗಿನ ಪಕ್ಕದ ಫಲಕದಲ್ಲಿ ಏನು ಬರೆದಿದೆ ಎಂದು ಕೇಳಬೇಕು.