ಗುಂಡಿ ಬಂದಾಗ ತಂಪಾಗುವ ಕಾರು

ಗದಗದ ಮಾಸ್ತರೊಬ್ಬರ ಕಾರು ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಮೂರು ಸಲ ಬಂತು. ನಾನು ನೋಡುವಾಗೆಲ್ಲ ಎಸಿ ಚೆನ್ನಾಗಿಯೇ ಓಡುತ್ತಿತ್ತು. "ಗದಗ ಬಿಟ್ಟಾಗ ಐಸ್ ಇದ್ದಂಗ ಇರ್ತೈತ್ರಿ. ಅಣ್ಣಿಗೇರಿ ದಾಟಿದ ಮ್ಯಾಲೆ ಬರೇ ಬಿಸಿ ಗಾಳಿ. ನೀವು ಬಾನೆಟ್ ಎತ್ತಿದ್ರ ಮತ್ತ ತಂಪು! ನಾ ಸುಳ್ಳ ಹೇಳಾಕತ್ತೀನಿ ಅನ್ಕೋಬ್ಯಾಡ್ರಿ" ಅಂದರು. ಕೇಳಿ ನನಗೇ ಬೇಜಾರಾಯಿತು. ರಿಪೇರಿಗೆ ದುಡ್ಡು ಕೊಡುವವರು ಹೀಗೆ ಆಣೆ ಮಾಡಿ ಹೇಳುವಂತೆ ಆಗಬಾರದು, ಅಲ್ವಾ?

ನನ್ನ ಹತ್ತಿರ ಬರುವ ಮೊದಲೇ ಬೇರೆ ಕಡೆ ಎರಡು ಸಲ ಗ್ಯಾಸ್ ಹಾಕಿಸಿದ್ದರು. ಎಸಿ ಗ್ಯಾಸ್ ಅಂದರೆ ಪೆಟ್ರೋಲ್ ಅಲ್ಲ, ಓಡಿದಷ್ಟು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಆ ಜಾಗ ಹುಡುಕದೆ ಮತ್ತೆ ತುಂಬಿದರೆ ದುಡ್ಡೂ ಹೋಯಿತು, ಗ್ಯಾಸೂ ಹೋಯಿತು. ನಾನು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡಿದೆ. ಎಂಜಿನ್ ಓಡುವಾಗ ಒಂದು ಕಡೆ 35, ಇನ್ನೊಂದು ಕಡೆ 210 ಪಿಎಸ್‌ಐ. ಆ ಬಿಸಿಲಿಗೆ ಅದು ಸರಿಯಾದ ಲೆಕ್ಕ. ಗ್ಯಾಸಿನದು ತಕರಾರೇ ಇರಲಿಲ್ಲ.

ಬಿಟ್ಟು ಬಿಟ್ಟು ತಂಪಾಗುವ ಎಸಿ ಬಂದರೆ ನಾನು ಮೊದಲು ಕೇಳುವುದು ಗಾಳಿಯ ಬಗ್ಗೆ. ತಂಪು ಹೋದಾಗ ಗಾಳಿಯ ರಭಸವೂ ಕಡಿಮೆಯಾಗುತ್ತದಾ? ಹೌದು ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿರಬಹುದು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ಓಡುವಾಗ ತಂಪಾದರೆ ಮುಂದಿನ ಫ್ಯಾನ್ ಮತ್ತು ಕಂಡೆನ್ಸರ್, ಅಂದರೆ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಜಾಲರಿ, ನೋಡಬೇಕು. ನಮ್ಮ ಕಡೆ ಹತ್ತಿ ಲಾರಿಗಳ ಹಿಂದೆ ಓಡುವ ಕಾರುಗಳ ಕಂಡೆನ್ಸರಿಗೆ ಹತ್ತಿಯ ಎಳೆ, ಎರೆಮಣ್ಣಿನ ಧೂಳು ಎರಡೂ ಸೇರಿ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ನೀರು ಹೊಡೆದು ತೊಳೆದರೆ ಅರ್ಧ ಗಾಡಿಗಳು ಅಲ್ಲೇ ಸರಿಹೋಗುತ್ತವೆ.

ಮಾಸ್ತರ ಕಾರಿನಲ್ಲಿ ಗಾಳಿಯ ರಭಸ ಕಡಿಮೆಯಾಗುತ್ತಿರಲಿಲ್ಲ. ಫ್ಯಾನ್ ಸರಿಯಿತ್ತು, ಕಂಡೆನ್ಸರ್ ಸ್ವಚ್ಛವಿತ್ತು. ಆದರೆ ಅವರು ಇನ್ನೊಂದು ಮಾತು ಹೇಳಿದ್ದರು: "ಒಮ್ಮೊಮ್ಮೆ ಗುಂಡಿಯೊಳಗ ಗಾಡಿ ಜಿಗಿದ್ರ ತಂಪು ತಾನ ಬರ್ತೈತಿ." ನಾನು ವೈರ್ ಸಡಿಲ ಅಂದುಕೊಂಡೆ. ಮೊದಲ ಸಲ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಬದಲಿಸಿದೆ. ಎರಡನೇ ಸಲ ಕಾರಿನ ಬಾಡಿಗೆ ಜೋಡಿಸುವ ಅರ್ಥ್ ವೈರ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿದೆ. ಅವರು ಹೇಳಿದ್ದು ನಿಜ, ನಾನು ತಿಳಿದುಕೊಂಡಿದ್ದು ತಪ್ಪು.

ಮೂರನೇ ಸಲ ಬಂದಾಗ ಬೇರೆ ಕೆಲಸ ಬದಿಗಿಟ್ಟೆ. ಎಸಿ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪೇ ಕಂಪ್ರೆಸರ್, ಅದನ್ನು ಎಂಜಿನ್ನಿಗೆ ಸೇರಿಸುವುದು, ಬಿಡಿಸುವುದು ಅದರ ಕ್ಲಚ್. ಆ ಕ್ಲಚ್ಚಿಗೆ ಹೋಗುವ ವೈರಿನಿಂದ ಇನ್ನೊಂದು ವೈರ್ ಎಳೆದು ಕಾರಿನೊಳಗೆ ತಂದೆ, ತುದಿಗೆ ಟೆಸ್ಟ್ ಲ್ಯಾಂಪ್ ಕಟ್ಟಿದೆ. ಕ್ಲಚ್ಚಿಗೆ ಕರೆಂಟ್ ಹೋದಾಗ ಲ್ಯಾಂಪ್ ಉರಿಯಬೇಕು. ಬಾನೆಟ್ ಮುಚ್ಚಿ, ಮಧ್ಯಾಹ್ನ ಎರಡು ಗಂಟೆಗೆ ಗದಗ ರಸ್ತೆ ಹಿಡಿದೆವು. ಮಾಸ್ತರು ಓಡಿಸಿದರು. ನಾನು ಪಕ್ಕದಲ್ಲಿ ಲ್ಯಾಂಪ್ ಹಿಡಿದು, ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ ಕೂತೆ.

ನಲವಡಿ ಹತ್ತಿರ ಬರುವವರೆಗೆ 8 ಡಿಗ್ರಿ ಇತ್ತು. ಲ್ಯಾಂಪ್ ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಅದು ಸಹಜ, ಕಂಪ್ರೆಸರ್ ನಡುನಡುವೆ ವಿರಾಮ ತಗೊಳ್ಳುತ್ತದೆ. ಆಮೇಲೆ ಒಮ್ಮೆ ಲ್ಯಾಂಪ್ ಹತ್ತಿತು, ಆದರೆ ಕ್ಲಚ್ ಹಿಡಿಯುವ "ಟಕ್" ಸದ್ದು ಕೇಳಲಿಲ್ಲ. ಥರ್ಮಾಮೀಟರ್ 15ಕ್ಕೆ ಬಂತು, 20 ದಾಟಿತು. ಲ್ಯಾಂಪ್ ಮಾತ್ರ ಉರಿಯುತ್ತಲೇ ಇತ್ತು. "ಗಾಡಿ ಬದಿಗೆ ಹಚ್ಚ್ರಿ ಮಾಸ್ತರ್ರ, ಎಂಜಿನ್ ಬಂದ್ ಮಾಡಬ್ಯಾಡ್ರಿ" ಅಂದೆ. ಬಾನೆಟ್ ಎತ್ತಿದೆ. ಬೆಲ್ಟ್ ತಿರುಗಿಸುವ ಕಂಪ್ರೆಸರ್ ಪುಲ್ಲಿ ತಿರುಗುತ್ತಿತ್ತು. ಅದರ ಮುಂದಿನ ಪ್ಲೇಟ್ ನಿಂತಿತ್ತು. ಮೀಟರ್ ಇಟ್ಟರೆ 13.4 ವೋಲ್ಟ್. ಕರೆಂಟ್ ಬರುತ್ತಿದೆ, ಕ್ಲಚ್ ಹಿಡಿಯುತ್ತಿಲ್ಲ. ಮೂರು ವಾರ ತಪ್ಪಿಸಿಕೊಂಡಿದ್ದು ಕಣ್ಣೆದುರೇ ಇತ್ತು. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಆಗಿರಲಿಲ್ಲ.

ಈ ಕ್ಲಚ್ ಒಂದು ಕರೆಂಟಿನ ಆಯಸ್ಕಾಂತ. ಅದರೊಳಗಿನ ತಾಮ್ರದ ತಂತಿಯ ಕಾಯಿಲಿಗೆ ಕರೆಂಟ್ ಹೋದರೆ ಅದು ಪ್ಲೇಟನ್ನು ಪುಲ್ಲಿಗೆ ಎಳೆದು ಅಂಟಿಸುತ್ತದೆ, ಆಗ ಕಂಪ್ರೆಸರ್ ತಿರುಗುತ್ತದೆ. ಎರಡರ ನಡುವಿನ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಪ್ಲೇಟ್ ಸವೆಯುತ್ತದೆ, ಸಂದು ದೊಡ್ಡದಾಗುತ್ತದೆ. ಇನ್ನೊಂದು ಕಡೆ, ಕಾಯಿಲ್ ಕಾದಷ್ಟೂ ತಾಮ್ರದ ತಂತಿಯಲ್ಲಿ ಕರೆಂಟ್ ಕಡಿಮೆ ಹರಿಯುತ್ತದೆ, ಎಳೆಯುವ ಶಕ್ತಿಯೂ ಕುಗ್ಗುತ್ತದೆ. ರಸ್ತೆಬದಿಯಲ್ಲಿ ಬಿಸಿಯಿದ್ದಾಗ ಕರೆಂಟಿಗೆ ಆ ಕಾಯಿಲ್ ಒಡ್ಡುವ ತಡೆ 4.6 ಓಮ್ ತೋರಿಸಿತು. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ 3.7. ಒಮ್ಮೆ ಅಂಟಿಕೊಂಡ ಪ್ಲೇಟ್ ಸುಲಭವಾಗಿ ಬಿಡುವುದಿಲ್ಲ, ಆಗ ಸಂದೇ ಇರುವುದಿಲ್ಲವಲ್ಲ. ವಿರಾಮದ ನಂತರ ಮತ್ತೆ ಹಿಡಿಯುವಾಗಲೇ ಕಷ್ಟ. ಗುಂಡಿಯಲ್ಲಿ ಜಿಗಿದಾಗ ಪ್ಲೇಟ್ ಅಲುಗಿ ಚೂರು ಹತ್ತಿರ ಬಂದರೆ ಸಾಕು, ಟಕ್ ಅಂತ ಅಂಟುತ್ತದೆ. ಗ್ಯಾರೇಜಿನಲ್ಲಿ ನಾನು ಮೊದಲು ಮಾಡುತ್ತಿದ್ದುದೇ ಎಂಜಿನ್ ಬಂದ್ ಮಾಡಿಸಿ ಬಾನೆಟ್ ಎತ್ತುವುದು. ಗೇಜ್ ಹಚ್ಚುವಷ್ಟರಲ್ಲಿ ಕಾಯಿಲ್ ತಣಿಯುತ್ತಿತ್ತು. ರೋಗ ಅಡಗಿಸಿ ಇಡುತ್ತಿದ್ದವನು ನಾನೇ.

ಸಂದು ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜಿನಲ್ಲಿ ಸಂದು 0.9 ಮಿಲಿಮೀಟರ್ ಇತ್ತು. ಪ್ಲೇಟ್ ಬಿಚ್ಚಿ, ಒಳಗಿನ ದಪ್ಪ ವಾಷರ್ ತೆಗೆದು ತೆಳ್ಳನೆಯದು ಹಾಕಿದೆ. 0.45ಕ್ಕೆ ಬಂತು. ಇದಕ್ಕೆ ಗ್ಯಾಸ್ ತೆಗೆಯುವುದು ಬೇಕಿಲ್ಲ, ಪೈಪ್ ಬಿಚ್ಚುವುದೂ ಬೇಕಿಲ್ಲ. ಎಲ್ಲ ಕಾರಿಗೂ ಇದು ನಡೆಯುವುದಿಲ್ಲ. ಕೆಲವು ಹೊಸ ಕಂಪ್ರೆಸರ್‌ಗಳಲ್ಲಿ ಈ ಕ್ಲಚ್ಚೇ ಇರುವುದಿಲ್ಲ. ಕಾಯಿಲ್ ಸುಟ್ಟಿದ್ದರೆ ಅಥವಾ ಪ್ಲೇಟ್ ಪೂರ್ತಿ ಸವೆದಿದ್ದರೆ ವಾಷರ್ ಆಟವೂ ನಡೆಯದು. ಇನ್ನು, ಎಂಜಿನ್ ಓಡುವಾಗ ಕೋಲಿನಿಂದ ಪ್ಲೇಟ್ ತಳ್ಳಿ ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಬೆಲ್ಟಿಗೆ ಕೈ ಸಿಕ್ಕರೆ ಬೆರಳು ಉಳಿಯುವುದಿಲ್ಲ.

ಈಗ ಇಂಥ ಗಾಡಿ ಬಂದರೆ ಬಾನೆಟ್ ಮುಚ್ಚಿಯೇ ಓಡಿಸಿ ನೋಡುತ್ತೇನೆ. ಆ ಉದ್ದ ವೈರು, ಲ್ಯಾಂಪ್ ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದೇನೆ.

ಪ್ಲೇಟ್ ಇನ್ನೂ ಸವೆಯುತ್ತದೆ, ಮುಂದೆ ಒಂದು ದಿನ ಕ್ಲಚ್ ಬದಲಿಸಬೇಕಾಗುತ್ತದೆ ಅಂತ ಮಾಸ್ತರಿಗೆ ಹೇಳಿಯೇ ಕಳಿಸಿದೆ. ಮೊದಲ ಸಲ ರಿಲೇಗೆ ತಗೊಂಡಿದ್ದ ದುಡ್ಡನ್ನು ಈ ಬಿಲ್ಲಿನಲ್ಲಿ ಕಳೆದೆ. ಅವರು ಬೇಡ ಬೇಡ ಅಂದರು. ಆ ರಿಲೇ ಕೆಟ್ಟಿರಲೇ ಇಲ್ಲ, ಹೇಗೆ ಇಟ್ಟುಕೊಳ್ಳಲಿ? ಸಂಜೆ ಗದಗ ಮುಟ್ಟಿ ಫೋನ್ ಮಾಡಿದರು: "ಕಡೀತನಕ ತಂಪ್ ಇತ್ತ್ರಿ. ಮನಿಯಾಕಿ ಎಸಿ ಕಮ್ಮಿ ಮಾಡ್ರಿ ಅಂದ್ಲು."