ಎರಡಾಳಿನ ಕೆಲಸ

ಪ್ರಿನ್ಸಿಪಾಲರು ಚೇಂಬರಿಗೆ ಕರೆದು, ಕೂರಿಸಿ, ಕಾಫಿ ತರಿಸಿದರೆ ಏನೋ ಕಾದಿದೆ ಅಂತಲೇ ಅರ್ಥ. ಹದಿನಾಲ್ಕು ವರ್ಷ ಸರ್ವಿಸ್ ಆದರೂ ಆವತ್ತು ನನಗದು ಹೊಳೆಯಲಿಲ್ಲ. ಕಾಫಿ ಜೊತೆ ಬಿಸ್ಕತ್ತು ಬೇರೆ ಇತ್ತು.

ಕೋಲಾರದಲ್ಲಿ ಕ್ರೈಸ್ತ ಆಡಳಿತದ ಒಂದು ಪದವಿ ಕಾಲೇಜು, ನಾನು ಅಲ್ಲಿ ಕನ್ನಡ ಮೇಷ್ಟ್ರು. 2024ರ ಆಗಸ್ಟ್. ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಪದವಿ ಹೋಗಿ ರಾಜ್ಯ ಶಿಕ್ಷಣ ನೀತಿಯ (ಎಸ್‌ಇಪಿ) ಮೂರು ವರ್ಷದ್ದು ಬಂದಿತ್ತು. ಸಿಲಬಸ್ ಒಂದು ಕಡೆ, ಯುಯುಸಿಎಂಎಸ್ ಅನ್ನುವ ವಿಶ್ವವಿದ್ಯಾಲಯಗಳ ಪೋರ್ಟಲ್ ಇನ್ನೊಂದು ಕಡೆ, ವರ್ಕ್‌ಲೋಡ್ ಸ್ಟೇಟ್‌ಮೆಂಟ್ ದಿನಕ್ಕೊಂದು ಥರ.

“ಬಿಸಿಎ ಎರಡು ಸೆಕ್ಷನ್ ಕನ್ನಡ ಹಾಗೇ ನಿಂತಿದೆ. ಗೆಸ್ಟ್ ಲೆಕ್ಚರರ್‌ಗಳ ಬಜೆಟ್ ಇಳಿಸಿ ಅಂತ ಮ್ಯಾನೇಜ್‌ಮೆಂಟು ತಲೆ ತಿಂತಿದೆ. ನಿಮ್ಮಂಥೋರಿಗೆ ಇದು ಬರೀ ನೌಕರಿ ಅಲ್ಲವಲ್ಲ, ದೈವಕರೆ. ಕಿಟ್ಟೆಲ್ ಏನು ಗಂಟೆ ಲೆಕ್ಕ ಹಾಕಿ ನಿಘಂಟು ಬರೆದರಾ?”

ಕಿಟ್ಟೆಲ್ ಹೆಸರೆತ್ತಿದರೆ ನಾನು ಕರಗುತ್ತೇನೆ ಅಂತ ಅವರಿಗೆ ಗೊತ್ತು. ಕ್ರಿಶ್ಚಿಯನ್ ಆಗಿ ಕನ್ನಡ ಎಂ.ಎ. ಯಾಕೆ ಮಾಡಿದೆ ಅಂತ ಕೇಳಿದವರಿಗೆಲ್ಲ ಆ ಹೆಸರನ್ನೇ ಎಸೆದವನು ನಾನು. 1853ರಲ್ಲಿ ಬಂದು, 1875ರಲ್ಲಿ ನಾಗವರ್ಮನ ಛಂದಸ್ಸು ಅಚ್ಚು ಹಾಕಿಸಿ, 1894ರಲ್ಲಿ ನಿಘಂಟು ಹೊರತಂದ ಪಾದ್ರಿ. ಸಾಲದ್ದಕ್ಕೆ ಅಮ್ಮ ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನೈಟ್ ಡ್ಯೂಟಿ ಮೇಲೆ ಇನ್ನೊಂದು ಡ್ಯೂಟಿ ಮುಗಿಸಿ ಬಂದು ‘ಸೇವೆ ಕಣೋ’ ಅನ್ನುತ್ತಿದ್ದಳು. ನನ್ನ ಬಾಯಲ್ಲೂ ಅದೇ ಬಂತು: “ಆಯ್ತು ಸರ್, ಸೇವೆ ಅಂದ್ಕೋತೀನಿ.”

ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆ ಪಾಠ. ನನ್ನದು 24 ಆಯಿತು. ದುಡ್ಡು ಇಲ್ಲ, ಸ್ಟಾಫ್ ಮೀಟಿಂಗಿನಲ್ಲಿ ಚಪ್ಪಾಳೆ ಇತ್ತು. ಸುಳ್ಳು ಯಾಕೆ ಹೇಳಲಿ, ಹಿತವಾಗಿಯೇ ಇತ್ತು.

ಡ್ರಾಫ್ಟ್ ಟೈಮ್‌ಟೇಬಲ್ ನನ್ನ ಮೇಲ್‌ಗೂ ಬಂದಿತ್ತು. ಬಿಸಿಎ ಎ, ಬಿಸಿಎ ಬಿ ಎದುರು, ಹಿಂದಿನ ವರ್ಷದ ಕಾಲಮ್ಮಿನಲ್ಲಿ ‘ಗೆಸ್ಟ್–2’ ಅಂತಿತ್ತು. ಪಿಯು ಕೆಲಸ ಸಿಕ್ಕಿ ಹೋದನಲ್ಲ, ಆ ಹುಡುಗನ ಜಾಗ ಇರಬೇಕು ಅಂದುಕೊಂಡೆ. ಅವನು ಗೆಸ್ಟ್–3. ಶೀಟನ್ನು ಬಲಕ್ಕೆ ಒಂದು ಚೂರು ಸರಿಸಿದ್ದರೆ ಇನಿಷಿಯಲ್ಸ್ ಕಾಣುತ್ತಿತ್ತು. ಸರಿಸಲಿಲ್ಲ.

ಸೋಮವಾರದ ಡಿವೋಷನ್, ಅಂದರೆ ಬೆಳಗಿನ ಪ್ರಾರ್ಥನೆ, ನನ್ನ ಪಾಳಿ. ಓದಿದ್ದು ಮತ್ತಾಯ 20, ದ್ರಾಕ್ಷಿತೋಟದ ಯಜಮಾನ ಬೆಳಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ಕೂಲಿ ಕೊಡುವ ಕತೆ. ಯಜಮಾನನ ದೊಡ್ಡ ಮನಸ್ಸಿನ ಬಗ್ಗೆ ಹತ್ತು ನಿಮಿಷ ಕುಟ್ಟಿದೆ. ನಮ್ಮ ಟೊಮೇಟೊ ಮಂಡಿಯಲ್ಲಿ ಕ್ರೇಟ್ ಇಳಿಸೋಕೆ ನಿಂತವರನ್ನೂ ಎಳೆದು ತಂದೆ. ಹಿಂದಿನ ಬೆಂಚಿನಲ್ಲಿ ನಮ್ಮ ಗೆಸ್ಟ್ ಮೇಡಂ ಕೂತಿದ್ದರು. ಶ್ರೀನಿವಾಸಪುರದಿಂದ ಬಸ್ಸಿಗೆ ಬರುವವರು, ಕ್ರೈಸ್ತರಲ್ಲ, ಆದರೆ ಡಿವೋಷನ್ ಒಂದು ದಿನ ತಪ್ಪಿಸಿದವರಲ್ಲ. (ಪರ್ಮನೆಂಟ್ ಸ್ಟಾಫ್ ಅರ್ಧ ಜನ ಆ ಹೊತ್ತಿಗೆ ಕ್ಯಾಂಟೀನಲ್ಲಿರುತ್ತಾರೆ, ಅದು ಬಿಡಿ.)

9:50ಕ್ಕೆ ಕ್ಲರ್ಕ್ ಬಂದು ಟೈಮ್‌ಟೇಬಲ್ ಅನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ. ಮೇಡಂ ಹೆಗಲ ಬ್ಯಾಗೂ ಇಳಿಸದೆ ಎದುರು ನಿಂತರು. ತೋರುಬೆರಳು ಸೋಮವಾರದ ಸಾಲಿನ ಮೇಲೆ ಎಡದಿಂದ ಬಲಕ್ಕೆ ಹೋಯಿತು, ಮಂಗಳವಾರಕ್ಕೆ ಇಳಿಯಿತು. ಶನಿವಾರದವರೆಗೆ ಹೋಗಿ ಮತ್ತೆ ಸೋಮವಾರಕ್ಕೆ ಬಂತು. ಎರಡನೇ ಸಲ ಬೆರಳು ನಿಧಾನ. ಬಿಸಿಎ ಎ ಮೇಲೆ ನಿಂತಿತು. ಅಲ್ಲಿ ನನ್ನ ಇನಿಷಿಯಲ್ಸ್.

“ನಾಲ್ಕೇ ಇದೆ” ಅಂದರು, ನನಗಲ್ಲ, ಬೋರ್ಡಿಗೆ.

ಹನ್ನೆರಡು ಗಂಟೆ ಇದ್ದದ್ದು ನಾಲ್ಕು. ಗಂಟೆಗೆ 300 ರೂಪಾಯಿಯಂತೆ ತಿಂಗಳಿಗೆ 14,400 ಬರುತ್ತಿದ್ದ ಕಡೆ 4,800. ನಾನು ಲೆಕ್ಕ ಹಾಕುವಷ್ಟರಲ್ಲಿ ಅವರದು ಮುಗಿದಿತ್ತು ಅಂತ ಕಾಣುತ್ತೆ, ಬೆರಳು ತೆಗೆದರು. ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ ನಾನು ಆಡಬಾರದ ಮಾತು ಆಡಿದೆ: “ಡ್ರಾಫ್ಟ್ ಇರಬೇಕು ಮೇಡಂ.” ಕೆಳಗೆ ಪ್ರಿನ್ಸಿಪಾಲರ ಸಹಿ, ಸೀಲು ಎರಡೂ ಇದ್ದವು.

“ಸಾರ್, ಒಂದು ಡೌಟು. ಬೆಳಿಗ್ಗೆ ಹೇಳಿದ್ರಲ್ಲ, ಸಂಜೆವರೆಗೂ ಪೇಟೇಲಿ ಸುಮ್ನೆ ನಿಂತಿದ್ರು ಅಂತ. ಅವರನ್ನ ಯಾಕೆ ಯಾರೂ ಕರೀಲಿಲ್ಲ?”

“ಕಾರಣ ಹೇಳಿಲ್ಲ ಮೇಡಂ ಬೈಬಲ್‌ನಲ್ಲಿ. ಯಾರೂ ಕೂಲಿಗೆ ಕರೀಲಿಲ್ಲ ಅಂತಾರೆ, ಅಷ್ಟೇ.”

“ಯಾರೋ ಒಬ್ರು ಎರಡಾಳಿನ ಕೆಲಸ ಒಪ್ಕೊಂಡಿರ್ತಾರೆ ಬಿಡಿ.”

ಬೆಲ್ ಆಯಿತು. ಅವರು ಬಿಕಾಂ ಸಿಗೆ ಹೋದರು. ನನಗೆ ಯಾವ ಕ್ಲಾಸು ಅಂತ ನಾನು ಮತ್ತೆ ಬೋರ್ಡ್ ನೋಡಬೇಕಾಯಿತು. ಬಿಸಿಎ ಎ.

ಹೊಸ ಬ್ಯಾಚಿಗೆ ಕಾಯಕದ ಬಗ್ಗೆ ಹೇಳುವಾಗ ನಾನು ಆಯ್ದಕ್ಕಿ ಮಾರಯ್ಯನಿಂದಲೇ ಶುರು ಮಾಡುವುದು. ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು, ಸುರಿದು ಬಾ ಹೋಗು ಅಂತ ಲಕ್ಕಮ್ಮ ವಾಪಸ್ ಅಟ್ಟಿದ ಕತೆ. ಪ್ರತಿ ವರ್ಷ ನಗಿಸುತ್ತೇನೆ. ಆವತ್ತು ಅರ್ಧಕ್ಕೆ ನಿಲ್ಲಿಸಿ ಹಾಜರಿ ಕೂಗಿದೆ.

ಮಧ್ಯಾಹ್ನ ಚೇಂಬರಿಗೆ ಹೋದರೆ, “ಸ್ಟೇಟ್‌ಮೆಂಟ್ ಗವರ್ನಿಂಗ್ ಕೌನ್ಸಿಲ್‌ಗೆ ಹೋಗಿಬಿಟ್ಟಿದೆ. ನಿಮ್ಮ ಸೇವಾ ಮನೋಭಾವ ಮಿನಿಟ್ಸ್‌ನಲ್ಲಿ ಬಂದಿದೆ, ಈಗ ತೆಗೆದರೆ ಚೆನ್ನಾಗಿರಲ್ಲ” ಅಂದರು. ಕೌನ್ಸಿಲ್ ಮನಸ್ಸು ಮಾಡಿದರೂ ಆ ದರಿದ್ರ ಸಾಫ್ಟ್‌ವೇರ್ ಮಾಡಬೇಕಲ್ಲ. ಒಂದು ಸೆಲ್ ಬದಲಿಸಿದರೆ ಕೆಮಿಸ್ಟ್ರಿ ಲ್ಯಾಬಿನ ಬ್ಯಾಚು ಕ್ಲ್ಯಾಶ್ ಅನ್ನುತ್ತದೆ. ಮೂರು ಲೆಟರ್, ಎರಡೂವರೆ ವಾರ ಆದ ಮೇಲೆ ಬಿಸಿಎ ಬಿ ಒಂದು ಅವರಿಗೆ ವಾಪಸಾಯಿತು. ಅಷ್ಟರಲ್ಲಿ ಅವರು ಮುಳಬಾಗಿಲಿನ ಕಾಲೇಜೊಂದರಲ್ಲಿ ಬೆಳಗಿನ ಅವರ್ಸ್ ಹಿಡಿದಿದ್ದರು. ನಮ್ಮಲ್ಲಿಗೆ ವಾರಕ್ಕೆ ಎರಡೇ ದಿನ ಬಂದು, ಸ್ಟಾಫ್ ರೂಮಿನಲ್ಲಿ ಕೂರದೆ ಹೋಗುತ್ತಿದ್ದರು.

ಕಿಟ್ಟೆಲ್ ಮಾತಿಗೆ ಉತ್ತರ ಹೊಳೆದಿದ್ದು ಎಷ್ಟೋ ದಿನ ಆದ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ. ಅವರ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು, ಮಂಗಳೂರಿನ ಮಿಷನ್ ಅಚ್ಚುಕೂಟ ಇತ್ತು. ಪಾದ್ರಿಯ ಕೆಲಸ ಒಂದೇ ಅಲ್ಲ, ಚಮ್ಮಾರನ ಕೆಲಸವೂ ದೇವರ ಕರೆಯೇ ಅಂದ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನನ್ನು ನಾನು ಎಷ್ಟು ಪ್ರಾರ್ಥನಾ ಶಿಬಿರಗಳಲ್ಲಿ ಉದಾಹರಿಸಿಲ್ಲ! ಗೆಸ್ಟ್–2 ಅನ್ನುವ ಕಾಲಮ್ಮಿಗೂ ಕರೆ ಬಂದಿರಬಹುದು ಅಂತ ತಲೆಗೆ ಹೋಗಿರಲಿಲ್ಲ.

ಮಿಕ್ಕ ಇಪ್ಪತ್ತು ಗಂಟೆಯನ್ನಾದರೂ ನೆಟ್ಟಗೆ ಮಾಡಿದೆನಾ? ಐದು ಸೆಕ್ಷನ್, ಒಂದೊಂದರಲ್ಲಿ ಅರವತ್ತರ ಮೇಲೆ ಹುಡುಗರು. ಇಂಟರ್ನಲ್ ಮಾರ್ಕ್ಸ್ (ಐಎ) ಅಪ್‌ಲೋಡಿಗೆ ಕೊನೇ ದಿನ, ಸರ್ವರ್ ತೆವಳುತ್ತಿತ್ತು, ಅಸೈನ್‌ಮೆಂಟುಗಳಿಗೆ ಟಿಕ್ ಹಾಕುತ್ತಾ ಹೋದೆ. ಆಮೇಲೆ ಬಿಸಿಎ ಹುಡುಗನೊಬ್ಬ ಪುಸ್ತಕ ತಂದು ತೋರಿಸಿದ. ತಕರಾರಿಗಲ್ಲ, ನಗು ತಡೆಯಲಾಗದೆ. “ಸಾರ್, ಒಂದೇ ಪ್ಯಾರಾ ಮೂರು ಸಲ ಬರ್ದಿದ್ದೆ. ಹತ್ತಕ್ಕೆ ಒಂಬತ್ತು ಕೊಟ್ಟಿದ್ದೀರ.” ಬೋಧಕರಿಗೆ ತೀರ್ಪು ಇನ್ನೂ ಕಠಿಣ ಅಂತ ಯಾಕೋಬನ ಪತ್ರದಲ್ಲಿದೆ. ನಮ್ಮ ಡಿವೋಷನ್‌ಗೆ ಆ ಭಾಗವನ್ನು ಯಾರೂ ಆರಿಸಿದ್ದು ನೆನಪಿಲ್ಲ.

ಮರುವರ್ಷ ಸೆಮಿಸ್ಟರ್ ಶುರುವಿಗೆ ಮತ್ತೆ ಚೇಂಬರಿಗೆ ಕರೆ ಬಂತು. ಕೂರಿಸಿದರು. ಬೆಲ್ ಒತ್ತಿ ಅಟೆಂಡರಿಗೆ ಕಾಫಿ ಹೇಳಿದರು. “ಬಿಕಾಂ ಸಿ ಒಂದು ಸೆಕ್ಷನ್...” ಅನ್ನುವಷ್ಟರಲ್ಲಿ ಕೇಳಿದೆ:

“ಯಾರ ಅವರ್ಸ್ ಸರ್ ಅವು?”

ಫೈಲ್ ತಿರುವಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಹೆಸರು ಹೇಳಿದರು. ಬೇಡ ಸರ್ ಅಂದೆ. ಇನ್ನೂ ಐದು ನಿಮಿಷ ಕೂತೇ ಇದ್ದೆ. ಕಾಫಿ ಬರಲಿಲ್ಲ.